ಮೀನು ‘ಪಳಗುತ್ತದೆ’ ಅನ್ನಬಹುದೇ, ‘ಹಚ್ಚಿಕೊಳ್ಳುತ್ತದೆ’ ಅನ್ನಬೇಕೇ?

ಗೆಳೆಯರೇ,

ಒಂದು ಕ್ರಿಯಾಪದ ಬೇಕಾಗಿದೆ. ಮನೆಯಲ್ಲಿ ರೀಫ್ ಟ್ಯಾಂಕ್ ಇಟ್ಟಿದ್ದೇನೆ. ಉಪ್ಪುನೀರು, ಜೀವಂತ ಹವಳ, ಐದಾರು ಮೀನು. ಹೊಸದಾಗಿ ಇಂಥ ತೊಟ್ಟಿ ಇಡುವವರಿಗೆ ಕನ್ನಡದಲ್ಲಿ ಒಂದು ಪುಟ್ಟ ಕೈಪಿಡಿ ಬರೆಯುತ್ತಿದ್ದೇನೆ. ಪಂಪು, ಹೀಟರು, ನೀರಿನ ಕೊಳೆ ತೆಗೆಯುವ ಸ್ಕಿಮ್ಮರು, ಈ ಇಂಗ್ಲಿಷ್ ಪದಗಳು ಹಾಗೇ ಇರಲಿ ಅಂತ ಬಿಟ್ಟೆ. ಸಿಕ್ಕಿಹಾಕಿಕೊಂಡಿದ್ದು ಬೇರೆ ಕಡೆ. ಹೊಸ ಮೀನು ಮೊದಮೊದಲು ಕಲ್ಲಿನ ಸಂದಿಯಲ್ಲಿ ಅಡಗಿರುತ್ತದೆ. ಕೆಲವು ವಾರ ಕಳೆದ ಮೇಲೆ ನಾವು ಹತ್ತಿರ ಹೋದರೆ ತಾನಾಗಿ ಗಾಜಿನ ಬಳಿ ಬರುತ್ತದೆ. ಈ ನಡುವೆ ಮೀನಿಗೆ ಆಗಿದ್ದನ್ನು ಏನೆಂದು ಕರೆಯೋಣ?

ಮೊದಲು ‘ಒಗ್ಗು’ ಅಂತ ಬರೆದೆ. ಆಮೇಲೆ ಅದನ್ನು ಬೇರೊಂದು ಜಾಗಕ್ಕೆ ಎತ್ತಿಟ್ಟೆ. ಮೀನು ತಂದ ದಿನ ಅದನ್ನು ಸೀದಾ ತೊಟ್ಟಿಗೆ ಬಿಡುವುದಿಲ್ಲ. ಬಕೆಟ್ಟಿನಲ್ಲಿಟ್ಟು, ತೊಟ್ಟಿಯ ನೀರನ್ನು ಸಣ್ಣ ಪೈಪಿನಿಂದ ಹನಿ ಹನಿಯಾಗಿ ಬಿಡುತ್ತೇವೆ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ತಂದ ನೀರಿಗೂ ನಮ್ಮ ನೀರಿಗೂ ಉಪ್ಪು, ಬಿಸಿ ಎರಡರಲ್ಲೂ ವ್ಯತ್ಯಾಸ ಇರಬಹುದು. ಒಮ್ಮೆಲೇ ಬದಲಾದರೆ ಮೀನಿನ ಮೈ ತಡೆಯದು. ‘ನೀರು ಒಗ್ಗಲಿಲ್ಲ’ ಅಂತ ನಾವು ಮನುಷ್ಯರಿಗೇ ಹೇಳುತ್ತೇವಲ್ಲ, ಅದೇ ಮಾತು ಇಲ್ಲಿ ಅಕ್ಷರಶಃ ಕೂಡುತ್ತದೆ. ಕ್ಲೌನ್ ಮೀನು ಎನಿಮೋನ್ ಎಂಬ ಹೂವಿನಂಥ ಕಡಲಪ್ರಾಣಿಯ ಜೊತೆ ಮಾಡುವುದೂ ಇದನ್ನೇ. ರೆಕ್ಕೆಯ ಅಂಚು ತಾಗಿಸುತ್ತದೆ, ಸರಕ್ಕನೆ ಹಿಂದೆ ಸರಿಯುತ್ತದೆ, ಮತ್ತೆ ತಾಗಿಸುತ್ತದೆ. ಕೊನೆಗೆ ಆ ಕುಟುಕುವ ಬಳ್ಳಿಗಳ ನಡುವೆಯೇ ಮಲಗುತ್ತದೆ. ಅದರ ಮೈಮೇಲಿನ ಲೋಳೆಯೇ ಕಾಪಾಡುವುದು. ಹಾಗಾಗಿ ‘ಒಗ್ಗು’ ಮೈಯ ಮಾತು, ಅದು ಅಲ್ಲೇ ಇರಲಿ.

ಮುಂದೆ ‘ಪಳಗು’. ಇದು ಹಳೆಯ ಪದ. ತಮಿಳಿನಲ್ಲಿ ಇದೇ ಬೇರಿನ ಪದಕ್ಕೆ ಪರಿಚಯವಾಗು, ಒಡನಾಡು ಎಂಬ ಅರ್ಥ ಇವತ್ತಿಗೂ ಬಳಕೆಯಲ್ಲಿದೆ. ಅದೇ ನನಗೆ ಬೇಕಾದದ್ದು! ಆದರೆ ಕನ್ನಡದಲ್ಲಿ ಈಗ ‘ಪಳಗಿದ’ ಅಂದರೆ ನೆನಪಾಗುವುದು ಆನೆ, ಇಲ್ಲವೇ ಪಳಗಿದ ಕೈ. ಹಿಂದೆ ಅಂಕುಶವೋ ಅಭ್ಯಾಸವೋ ಇದ್ದೇ ಇರುತ್ತದೆ. ನಾನು ಮೀನಿಗೆ ಏನನ್ನೂ ಕಲಿಸಿಲ್ಲ. ದಿನಾ ಅದೇ ಹೊತ್ತಿಗೆ ಊಟ ಹಾಕಿದ್ದೇನೆ, ಸುಮ್ನೆ ಕೂತು ನೋಡಿದ್ದೇನೆ, ಅಷ್ಟೇ.

‘ಹಚ್ಚಿಕೊಳ್ಳು’ ನನಗೆ ತುಂಬಾ ಇಷ್ಟವಾದ ಪದ. ಮಗು ಅಜ್ಜಿಯನ್ನು ಹಚ್ಚಿಕೊಂಡಿದೆ ಅನ್ನುತ್ತೇವೆ. ಆದರೆ ಆ ಮಾತಿನಲ್ಲಿ ಇನ್ನೊಂದು ಅಂಶ ಅಡಗಿದೆ. ಅಜ್ಜಿ ಊರಿಗೆ ಹೋದರೆ ಮಗು ಸರಿಯಾಗಿ ಉಣ್ಣುವುದಿಲ್ಲ. ಮೀನಿನ ವಿಷಯದಲ್ಲಿ ಇದನ್ನು ನೋಡುವ ಅವಕಾಶ ನನಗೆ ಸಿಕ್ಕಿತು. ಎಂಟು ದಿನ ನಾನಿರಲಿಲ್ಲ, ತಂಗಿ ಊಟ ಹಾಕಿದಳು. ಕ್ಲೌನ್ ಜೋಡಿ ಮೊದಲ ದಿನವೇ ಬಂದು ತಿಂದಿತು. ಗೋಬಿ ಮೀನು ಮಾತ್ರ ಮೂರು ದಿನ ಅವಳನ್ನು ಕಂಡರೆ ಬಿಲ ಸೇರುತ್ತಿತ್ತು. ಅವಳು ದೂರ ಸರಿದ ಮೇಲೆ ಬಂದು ತಿನ್ನುತ್ತಿತ್ತಂತೆ. ನಾನು ಬಂದ ದಿನ ಬಿಲದ ಬಾಯಲ್ಲೇ ಇತ್ತು, ಅಲ್ಲಾಡಲಿಲ್ಲ. ಅಂದರೆ ಗುರುತು ಇದೆ, ಹಂಬಲ ಇಲ್ಲ. ಹಚ್ಚಿಕೊಂಡಿರುವುದು ನಾನು, ಅಲ್ವಾ?

ಈಗ ನನ್ನ ಮನಸ್ಸು ‘ಸಲಿಗೆ’ಯ ಕಡೆ ವಾಲಿದೆ. ‘ಮೀನಿಗೆ ನಮ್ಮ ಸಲಿಗೆಯಾಗಿದೆ’ ಅಂದರೆ ಹೆದರಿಕೆ ಹೋಗಿದೆ ಅಂತ ಆಯಿತು. ಅದಕ್ಕಿಂತ ಜಾಸ್ತಿ ಏನನ್ನೂ ಮೀನಿನ ಮೇಲೆ ಹೊರಿಸಿದಂತಾಗುವುದಿಲ್ಲ. ತೊಡಕು ಒಂದೇ. ‘ಸಲಿಗೆ ಕೊಟ್ಟಿದ್ದು ಜಾಸ್ತಿಯಾಯ್ತು’ ಅನ್ನುವಾಗ ಅದರಲ್ಲಿ ಬೈಗುಳದ ಛಾಯೆ ಇದೆ. ಜೊತೆಗೆ ಸಲಿಗೆ ಕೊಡುವವರು ದೊಡ್ಡವರು, ತೆಗೆದುಕೊಳ್ಳುವವರು ಚಿಕ್ಕವರು. ಇಲ್ಲಿ ಕೊಡುವುದು ಮೀನು. ಹತ್ತಿರ ಬರಬೇಕೋ ಬೇಡವೋ ಅಂತ ತೀರ್ಮಾನಿಸುವುದೂ ಅದೇ.

ಇದೇ ಗೋಬಿಯ ಬಿಲದಲ್ಲಿ ಪಿಸ್ತೂಲ್ ಸೀಗಡಿಯೊಂದಿದೆ. ಅದಕ್ಕೆ ಕಣ್ಣು ಅಷ್ಟಾಗಿ ಕಾಣದು. ಬಿಲ ತೋಡಿ ಮರಳು ಹೊರಹಾಕುವಾಗ ಮೀಸೆಯ ತುದಿಯನ್ನು ಗೋಬಿಯ ಮೈಗೆ ತಾಗಿಸಿಕೊಂಡಿರುತ್ತದೆ. ಗೋಬಿ ಬಾಲ ಅದುರಿಸಿದರೆ ಎರಡೂ ಒಳಗೆ. ಇದಕ್ಕೆ ‘ಒಡನಾಟ’ ಅಂತ ಧೈರ್ಯವಾಗಿ ಬರೆದೆ.

ನಮಗೂ ಮೀನಿಗೂ ನಡುವೆ ಇರುವುದಕ್ಕೆ ನಿಮ್ಮ ಮನೆಮಾತಿನಲ್ಲಿ ಬೇರೆ ಪದ ಇದೆಯೇ? ‘ಬಳಕೆಯಾಗು’ ಅಂತ ಯಾರಾದರೂ ಪ್ರಾಣಿಗಳಿಗೆ ಹೇಳುತ್ತೀರಾ? ‘ಸಲಿಗೆ’ಯನ್ನು ತಿರುಗಿಸಿ ‘ಮೀನು ನಮಗೆ ಸಲಿಗೆ ಕೊಟ್ಟಿತು’ ಅಂತ ಬರೆದರೆ ನಿಮ್ಮ ಕಿವಿಗೆ ಹೇಗೆ ಕೇಳಿಸುತ್ತದೆ, ತಿಳಿಸಿ.