ವಿಡಿಯೊ ಕರೆಯಲ್ಲಿ ಆಘಾತದ ಚಿಕಿತ್ಸೆ: ಹಾಸ್ಟೆಲ್ ಕೋಣೆಯಿಂದ ಪಡೆಯುವುದು ಸರಿಯೇ?

ಪ್ರಶ್ನೆ — ಮೂರನೇ ವರ್ಷದ ವಿದ್ಯಾರ್ಥಿನಿ

ಎಲ್ಲರಿಗೂ ನಮಸ್ಕಾರ. ಐದು ತಿಂಗಳ ಹಿಂದೆ ನಾನು ಮತ್ತು ನನ್ನ ಗೆಳತಿ ಹೋಗುತ್ತಿದ್ದ ಕಾರು ಅಪಘಾತಕ್ಕೀಡಾಯಿತು. ನಾನು ಉಳಿದೆ, ಅವಳು ಉಳಿಯಲಿಲ್ಲ. ಮುರಿದಿದ್ದ ನನ್ನ ಕೈ ಈಗ ಕೂಡಿಕೊಂಡಿದೆ. ಆದರೆ ಎಲ್ಲಿಯಾದರೂ ಬ್ರೇಕ್ ಕಿರುಚಿದ ಸದ್ದು ಕೇಳಿದರೆ ಮೈಯೆಲ್ಲ ಬೆವರುತ್ತದೆ, ರಾತ್ರಿ ಮೂರು ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ದೆ ಹತ್ತುವುದಿಲ್ಲ, ಒಂದೇ ಪುಟವನ್ನು ನಾಲ್ಕು ಸಲ ಓದಿದರೂ ತಲೆಯಲ್ಲಿ ಏನೂ ನಿಲ್ಲುವುದಿಲ್ಲ. ಆ ದಿನ ಮುಂದಿನ ಸೀಟನ್ನು ಅವಳಿಗೆ ಬಿಟ್ಟುಕೊಟ್ಟವಳು ನಾನೇ. ಆ ಒಂದು ವಿಷಯ ಮನಸ್ಸಿನಿಂದ ಇಳಿಯುತ್ತಲೇ ಇಲ್ಲ.

ಕಾಲೇಜಿನ ಆಪ್ತಸಮಾಲೋಚಕರು ಆಘಾತದ ಚಿಕಿತ್ಸೆಯಲ್ಲಿ ತರಬೇತಿ ಪಡೆದ ಒಬ್ಬ ಥೆರಪಿಸ್ಟ್ ಅವರ ಹೆಸರು ಕೊಟ್ಟಿದ್ದಾರೆ. ಅವರು ವಿಡಿಯೊ ಕರೆಯ ಮೂಲಕ ಮಾತ್ರ ಸಿಗುತ್ತಾರೆ. ಪರದೆಯ ಮೇಲೆ ನಡೆಯುವುದು ನಿಜವಾದ ಚಿಕಿತ್ಸೆ ಎನ್ನಿಸಿಕೊಳ್ಳುತ್ತದೆಯೇ? ನಡೆದದ್ದನ್ನು ಮತ್ತೆ ಮತ್ತೆ ಹೇಳಿದರೆ ಗಾಯ ಕೆದಕಿದಂತಾಗುವುದಿಲ್ಲವೇ? ನನ್ನ ಕೋಣೆಯಲ್ಲಿ ಇನ್ನಿಬ್ಬರಿದ್ದಾರೆ, ಅವರೆದುರು ನಾನು ಬಾಯಿ ಬಿಡಲಾರೆ. ಅನುಭವವಿರುವವರು ದಯವಿಟ್ಟು ತಿಳಿಸಿ.

ಉತ್ತರ 1 — ಮನಶ್ಶಾಸ್ತ್ರಜ್ಞೆ, ಆಘಾತ ಚಿಕಿತ್ಸೆ

ನಿಮ್ಮ ಗೆಳತಿಯ ಸಾವಿಗೆ ನನ್ನ ಸಂತಾಪವಿದೆ. ಇಲ್ಲಿ ಬರೆದ ನಾಲ್ಕು ಸಾಲು ಓದಿ ನಾನು ರೋಗನಿರ್ಣಯ ಮಾಡಲಾರೆ. ಆದರೂ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬಹುದು: ಇಂಥ ಘಟನೆಯ ನಂತರದ ಮೊದಲ ವಾರಗಳಲ್ಲಿ ನಿದ್ದೆಗೆಡುವುದು, ಬೆಚ್ಚಿಬೀಳುವುದು ಬಹುತೇಕ ಎಲ್ಲರಲ್ಲೂ ಇರುತ್ತದೆ. ಒಂದು ತಿಂಗಳು ಕಳೆದರೂ ಅವು ಇಳಿಯದೆ ಓದು, ನಿದ್ದೆ, ಒಡನಾಟಗಳನ್ನು ಹಾಳುಮಾಡುತ್ತಿದ್ದರೆ ಪಿಟಿಎಸ್‌ಡಿ (ಆಘಾತದ ನಂತರ ಇಳಿಯದೆ ಉಳಿದುಬಿಡುವ ಮಾನಸಿಕ ಕಾಯಿಲೆ) ಇದೆಯೇ ಎಂದು ಪರೀಕ್ಷಿಸಬೇಕು. ನಿಮಗೆ ಐದು ತಿಂಗಳಾಗಿದೆ, ಇನ್ನೂ ಕಾಯಬೇಡಿ. ಥೆರಪಿಸ್ಟ್ ಮೊದಲ ಭೇಟಿಯಲ್ಲಿ ಪಿಸಿಎಲ್-5 ಎಂಬ 20 ಪ್ರಶ್ನೆಗಳ ಪಟ್ಟಿಯನ್ನು ತುಂಬಿಸಬಹುದು. ಅದರ ಅಂಕದಿಂದಲೇ ಯಾರೂ ಕಾಯಿಲೆಯನ್ನು ತೀರ್ಮಾನಿಸುವುದಿಲ್ಲ. ವಾರದಿಂದ ವಾರಕ್ಕೆ ಭಾರ ಇಳಿಯುತ್ತಿದೆಯೇ ಎಂದು ನೋಡಲು ಅದು ಒಂದು ಅಳತೆಗೋಲು.

ಪರದೆಯ ಪ್ರಶ್ನೆಗೆ ಬರುತ್ತೇನೆ. ಎಡ್ನಾ ಫೋವಾ ರೂಪಿಸಿದ ದೀರ್ಘ ಎಕ್ಸ್‌ಪೋಶರ್ ಚಿಕಿತ್ಸೆ (ದೂರವಿಡುತ್ತಿದ್ದ ನೆನಪು, ಸನ್ನಿವೇಶಗಳನ್ನು ಹಂತಹಂತವಾಗಿ ಎದುರಿಸುವುದು) ಮತ್ತು ಪೆಟ್ರೀಶಿಯಾ ರೆಸಿಕ್ ರೂಪಿಸಿದ, ಸಾಮಾನ್ಯವಾಗಿ 12 ಸೆಷನ್‌ಗಳಲ್ಲಿ ನಡೆಯುವ ಸಿಪಿಟಿ (ಆಘಾತದ ಬಗ್ಗೆ ಮನಸ್ಸಿನಲ್ಲಿ ಬೇರೂರಿದ ಯೋಚನೆಗಳನ್ನು ಪರಿಶೀಲಿಸುವ ಚಿಕಿತ್ಸೆ), ಇವೆರಡನ್ನೂ ವಿಡಿಯೊ ಕರೆಯಲ್ಲಿ ಕೊಟ್ಟು ಎದುರುಬದುರು ಕೊಟ್ಟದ್ದರ ಜೊತೆ ಹೋಲಿಸಿದ ಅಧ್ಯಯನಗಳಿವೆ. ಅವುಗಳಲ್ಲಿ ಹೆಚ್ಚಿನವು ಮಾಜಿ ಸೈನಿಕರ ಮೇಲೆ ನಡೆದವು ಎಂಬುದನ್ನು ನೆನಪಿನಲ್ಲಿಟ್ಟುಕೊಂಡೇ ಹೇಳುತ್ತೇನೆ: ಒಟ್ಟಾರೆ ಫಲಿತಾಂಶದಲ್ಲಿ ವಿಡಿಯೊ ಹಿಂದೆ ಬಿದ್ದಿಲ್ಲ. ಫ್ರಾನ್ಸಿನ್ ಶಪಿರೊ 1980ರ ದಶಕದ ಕೊನೆಯಲ್ಲಿ ರೂಪಿಸಿದ ಇಎಮ್‌ಡಿಆರ್ (ಕಹಿ ನೆನಪನ್ನು ಮನಸ್ಸಿನಲ್ಲಿಟ್ಟುಕೊಂಡೇ ಕಣ್ಣನ್ನು ಅತ್ತಿತ್ತ ಆಡಿಸುವ ಚಿಕಿತ್ಸೆ) ಕೂಡ ವಿಡಿಯೊಗೆ ಒಗ್ಗಿದೆ. ಥೆರಪಿಸ್ಟ್ ಕೈ ಆಡಿಸುವುದನ್ನು ನೋಡುವ ಬದಲು, ಎರಡೂ ಕೈಗಳನ್ನು ಎದೆಯ ಮೇಲೆ ಅಡ್ಡಲಾಗಿ ಇಟ್ಟುಕೊಂಡು ಒಂದಾದ ಮೇಲೊಂದರಂತೆ ಭುಜ ತಟ್ಟಿಕೊಳ್ಳುವ ಕ್ರಮವನ್ನು ಹಲವರು ಬಳಸುತ್ತಾರೆ.

ಗಾಯ ಕೆದಕುವ ಭಯ ಸಹಜವಾದದ್ದು. ಆದರೆ ಈ ಕಾಯಿಲೆಯನ್ನು ಉಳಿಸಿ ಬೆಳೆಸುವುದು ತಪ್ಪಿಸಿಕೊಳ್ಳುವಿಕೆಯೇ. ನೆನಪು ಬಂದೊಡನೆ ಅದನ್ನು ತಳ್ಳಿಬಿಟ್ಟರೆ ಆ ಕ್ಷಣಕ್ಕೆ ಹಗುರವೆನಿಸುತ್ತದೆ, ಆ ಹಗುರವೇ ಮುಂದಿನ ಸಲ ಇನ್ನಷ್ಟು ಬೇಗ ತಳ್ಳುವಂತೆ ಮಾಡುತ್ತದೆ. ಚಿಕಿತ್ಸೆಯಲ್ಲಿ ನೀವು ಒಪ್ಪಿದ ವೇಗದಲ್ಲಿ, ಸಿದ್ಧತೆ ಮಾಡಿಕೊಂಡು, ಆ ನೆನಪಿನ ಬಳಿ ಹೋಗಿ ನಿಲ್ಲುವ ಅಭ್ಯಾಸ ನಡೆಯುತ್ತದೆ. ಸಿಪಿಟಿಯಲ್ಲಂತೂ ಘಟನೆಯನ್ನು ವಿವರವಾಗಿ ಹೇಳಲೇಬೇಕೆಂದಿಲ್ಲ. ‘ಸೀಟು ಬಿಟ್ಟುಕೊಟ್ಟವಳು ನಾನೇ’ ಎಂಬಂಥ, ಮನಸ್ಸು ಸಿಕ್ಕಿಕೊಂಡಿರುವ ವಾಕ್ಯಗಳನ್ನು ಹಿಡಿದು, ಆ ಗಳಿಗೆಯಲ್ಲಿ ನಿಮಗೆ ಏನು ಗೊತ್ತಿತ್ತು, ಏನು ಗೊತ್ತಿರಲು ಸಾಧ್ಯವೇ ಇರಲಿಲ್ಲ ಎಂದು ಒಂದೊಂದಾಗಿ ಬಿಡಿಸಿ ನೋಡುತ್ತಾರೆ. ಒಂದೇ ಸಲ ಕೂರಿಸಿ ಎಲ್ಲವನ್ನೂ ಹೇಳಿಸಿ ಕಳಿಸಿಬಿಡುವ ಪದ್ಧತಿ ಬೇರೆ. ಅದರಿಂದ ಪಿಟಿಎಸ್‌ಡಿ ತಡೆಯಬಹುದೆಂದು ಯಾರಾದರೂ ಹೇಳಿದರೆ ಒಪ್ಪಬೇಡಿ, ವಿಶ್ವ ಆರೋಗ್ಯ ಸಂಸ್ಥೆಯೇ ಅದನ್ನು ಬೇಡವೆಂದಿದೆ.

ನನ್ನ ಅನುಭವದಲ್ಲಿ ವಿಡಿಯೊ ಚಿಕಿತ್ಸೆಯ ನಿಜವಾದ ತೊಡಕು ಇಲ್ಲೇ ಇದೆ. ತಪ್ಪಿಸಿಕೊಳ್ಳುವುದೇ ಮೂಲ ತೊಂದರೆಯಾಗಿರುವವರಿಗೆ ಒಂದು ಗುಂಡಿ ಒತ್ತಿದರೆ ತಪ್ಪಿಸಿಕೊಳ್ಳಬಹುದಾದ ಜಾಗ ಸಿಕ್ಕಂತಾಗುತ್ತದೆ. ‘ನೆಟ್‌ವರ್ಕ್ ಸರಿಯಿಲ್ಲ’ ಎಂದು ಕ್ಯಾಮೆರಾ ಆರಿಸುವುದು ಸುಲಭ. ಹಾಗೆ ಆರಿಸಬೇಕೆನಿಸಿದಾಗ ಅದನ್ನೇ ಬಾಯಿಬಿಟ್ಟು ಹೇಳಿ. ನಿಮ್ಮ ಮುಖವೇ ನಿಮಗೆ ಕಾಣುವ ಚಿಕ್ಕ ಚೌಕವನ್ನು ಮುಚ್ಚಿಬಿಡಿ. ಅಳುವಾಗ ತನ್ನ ಮುಖವನ್ನು ತಾನೇ ನೋಡುತ್ತ ಕೂರುವುದು ಯಾರಿಗೂ ಹಿತವಲ್ಲ. ಫೋನನ್ನು ತುಸು ದೂರವಿಡಿ. ಮುಖ ಶಾಂತವಾಗಿದ್ದು ಮಂಡಿ ನಡುಗುತ್ತಿದ್ದರೆ ಅದು ನಮಗೆ ಕಾಣುವುದಿಲ್ಲ.

ಪ್ರತಿ ಸೆಷನ್ನಿನ ಆರಂಭದಲ್ಲಿ ಥೆರಪಿಸ್ಟ್ ನೀವು ಎಲ್ಲಿದ್ದೀರಿ, ಹತ್ತಿರದಲ್ಲಿ ಯಾರನ್ನು ಸಂಪರ್ಕಿಸಬಹುದು, ಕರೆ ಕಡಿದರೆ ಯಾರು ಮತ್ತೆ ಕರೆ ಮಾಡಬೇಕು ಎಂದು ಕೇಳಬೇಕು. ಕೇಳದಿದ್ದರೆ ನೀವೇ ಕೇಳಿ. ಇನ್ನೊಂದು ವಿಷಯ: ಗೆಳತಿಯ ಬದಲು ನಾನೇ ಹೋಗಬೇಕಿತ್ತು ಎಂಬ ಯೋಚನೆ ಸಾಯಬೇಕೆಂಬ ಯೋಚನೆಯಾಗಿ ತಿರುಗಿದರೆ ಮುಂದಿನ ಸೆಷನ್ ತನಕ ತಡೆಯಬೇಡಿ, ಆಗಲೇ ಪಕ್ಕದಲ್ಲಿರುವವರನ್ನು ಎಬ್ಬಿಸಿ, ತುರ್ತು ಸೇವೆಗೆ ಕರೆ ಮಾಡಿ.

ಉತ್ತರ 2 — ಸ್ನಾತಕೋತ್ತರ ವಿದ್ಯಾರ್ಥಿ

ನಾನು ಕಳೆದ ವರ್ಷ ವಿಡಿಯೊ ಕರೆಯಲ್ಲೇ ಸಿಪಿಟಿ ಪೂರ್ತಿಗೊಳಿಸಿದೆ. ಕಾರಣ ಬೇರೆಯದು, ಅದನ್ನು ಇಲ್ಲಿ ಬರೆಯುವುದಿಲ್ಲ. ಮೊದಲೆರಡು ಸೆಷನ್‌ಗಳನ್ನು ಹಾಸ್ಟೆಲ್ಲಿನ ಮೇಲಿನ ಮಹಡಿಯ ಮೆಟ್ಟಿಲ ಮೇಲೆ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಗೋಡೆಗೆ ಮುಖ ಮಾಡಿ ಕುಳಿತು ಮುಗಿಸಿದೆ. ಯಾರ ಚಪ್ಪಲಿಯ ಸದ್ದು ಕೇಳಿದರೂ ನನ್ನ ಮಾತು ಅರ್ಧಕ್ಕೆ ನಿಲ್ಲುತ್ತಿತ್ತು. ಕೊನೆಗೆ ಥೆರಪಿಸ್ಟ್ ಅವರೇ, ‘ನೀವು ಅರ್ಧ ಗಮನವನ್ನು ಮೆಟ್ಟಿಲಿಗೆ ಕೊಟ್ಟಿದ್ದೀರಿ, ಮೊದಲು ಜಾಗ ಹುಡುಕೋಣ’ ಎಂದರು. ವಿಭಾಗದ ಕಚೇರಿಯಲ್ಲಿ ಕೇಳಿದಾಗ, ವಾರಕ್ಕೆ ಒಂದು ಗಂಟೆ ಖಾಲಿ ಇರುವ ಒಂದು ಚಿಕ್ಕ ಕೋಣೆಯ ಬೀಗದ ಕೈ ಸಿಕ್ಕಿತು. ‘ಆನ್‌ಲೈನ್ ಭೇಟಿಯೊಂದಿದೆ’ ಎಂದಷ್ಟೇ ಹೇಳಿದ್ದೆ, ಹೆಚ್ಚೇನೂ ಕೇಳಲಿಲ್ಲ.

ನನಗೆ ಅತಿ ಕಷ್ಟವಾದದ್ದು ಕರೆ ಮುಗಿದ ನಂತರದ ಹತ್ತು ನಿಮಿಷ. ಆಸ್ಪತ್ರೆಗೆ ಹೋದವರಿಗೆ ಹಿಂದಿರುಗುವ ದಾರಿಯಾದರೂ ಇರುತ್ತದೆ. ನನಗೆ ಲ್ಯಾಪ್‌ಟಾಪ್ ಮುಚ್ಚಿದರೆ ಅದೇ ಕುರ್ಚಿ, ಅದೇ ಗೋಡೆ. ಒಮ್ಮೆ ಸೆಷನ್ ಮುಗಿಸಿ ನೇರವಾಗಿ ತರಗತಿಗೆ ಹೋದೆ, ಹಾಜರಿ ಕೂಗಿದಾಗ ನನ್ನ ಹೆಸರೇ ನನಗೆ ಕೇಳಿಸಲಿಲ್ಲ. ಆ ಮೇಲೆ ದಿನದ ಕೊನೆಯ ತರಗತಿಯ ನಂತರದ ಹೊತ್ತನ್ನೇ ಕೇಳಿ ಪಡೆದೆ, ಕರೆ ಮುಗಿದ ಕೂಡಲೇ ಮುಖ ತೊಳೆದು, ಫೋನನ್ನು ಕೋಣೆಯಲ್ಲೇ ಬಿಟ್ಟು ಅರ್ಧ ಗಂಟೆ ನಡೆಯುತ್ತಿದ್ದೆ.

ನಾಲ್ಕು, ಐದನೆಯ ವಾರ ನಿದ್ದೆ ಇನ್ನೂ ಕೆಟ್ಟಿತು, ಬಿಟ್ಟುಬಿಡೋಣ ಎನ್ನಿಸಿತು. ಅದನ್ನು ಮೊದಲೇ ಯಾರಾದರೂ ಹೇಳಿದ್ದರೆ ಅಷ್ಟು ಹೆದರುತ್ತಿರಲಿಲ್ಲ, ಅದಕ್ಕೇ ನಿಮಗೆ ಹೇಳುತ್ತಿದ್ದೇನೆ. ಏಳನೆಯ ವಾರದ ಹೊತ್ತಿಗೆ ನಿದ್ದೆ ಮರಳತೊಡಗಿತು.

ಉತ್ತರ 3 — ಅಧ್ಯಾಪಕ

ಓದಿನ ವಿಷಯವನ್ನು ಯಾರೂ ಎತ್ತಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಹಾಜರಿ, ಪರೀಕ್ಷೆ, ಪ್ರಾಜೆಕ್ಟಿನ ಗಡುವು ಇವುಗಳಲ್ಲಿ ರಿಯಾಯಿತಿ ಬೇಕಿದ್ದರೆ ಥೆರಪಿಸ್ಟ್ ಅವರಿಂದ ಪತ್ರ ಕೇಳಿ. ‘ಇವರು ಚಿಕಿತ್ಸೆಯಲ್ಲಿದ್ದಾರೆ, ಇಂಥ ಅನುಕೂಲದ ಅಗತ್ಯವಿದೆ’ ಎಂದಿದ್ದರೆ ಸಾಕು. ಏನಾಯಿತು, ಯಾರು ತೀರಿಕೊಂಡರು ಎಂಬ ಕಥೆ ಆ ಪತ್ರದಲ್ಲಿ ಬರಬೇಕಾಗಿಲ್ಲ. ಥೆರಪಿಸ್ಟ್ ಕಾಲೇಜಿಗೆ ಸೇರಿದವರೋ ಹೊರಗಿನವರೋ, ನಿಮ್ಮ ದಾಖಲೆಗಳನ್ನು ಯಾರು ನೋಡಬಲ್ಲರು, ಯಾವ ಸಂದರ್ಭದಲ್ಲಿ ಗೋಪ್ಯತೆ ಮುರಿಯಬೇಕಾಗುತ್ತದೆ ಎಂಬುದನ್ನು ಮೊದಲ ದಿನವೇ ಕೇಳಿಕೊಳ್ಳಿ. ಕಾಲೇಜಿನ ಕಂಪ್ಯೂಟರ್, ಕಾಲೇಜಿನ ಇಮೇಲ್ ಎರಡನ್ನೂ ಇದಕ್ಕೆ ಬಳಸದಿರುವುದು ಒಳ್ಳೆಯದು.

ನಿದ್ದೆಯಿಲ್ಲದೆ ಹಿಂದಿನ ಬೆಂಚಿನಲ್ಲಿ ಕುಳಿತ ಹುಡುಗನನ್ನು ಸೋಮಾರಿಯೆಂದು ಗದರಿಸಿ, ಕಾರಣ ತಿಳಿದ ಮೇಲೆ ಬಹಳ ನೊಂದುಕೊಂಡವನು ನಾನು. ನಿಮಗೆ ಹತ್ತಿರವೆನಿಸುವ ಒಬ್ಬ ಅಧ್ಯಾಪಕರಿಗಾದರೂ ಒಂದು ಸಾಲು ತಿಳಿಸಿಡಿ.

ಪ್ರಶ್ನೆ ಕೇಳಿದವರು

ಮೂವರಿಗೂ ಕೃತಜ್ಞಳಾಗಿದ್ದೇನೆ. ಗ್ರಂಥಾಲಯದ ಪಕ್ಕದ ಚರ್ಚಾಕೊಠಡಿಗಾಗಿ ಇವತ್ತೇ ಅರ್ಜಿ ಬರೆದುಕೊಟ್ಟೆ. ಇನ್ನೊಂದೇ ಅನುಮಾನ: ಮೊದಲ ದಿನ ನನ್ನ ಕೋಣೆಯ ಗೆಳತಿಯೊಬ್ಬಳು ಜೊತೆಗಿರುತ್ತೇನೆ ಎನ್ನುತ್ತಿದ್ದಾಳೆ. ಅವಳನ್ನು ಕರೆದುಕೊಂಡು ಹೋಗಬಹುದೇ?

ಉತ್ತರ 1 ಬರೆದವರು

ಖಂಡಿತ ಕರೆದುಕೊಂಡು ಹೋಗಿ, ಆದರೆ ಅವರು ಬಾಗಿಲ ಹೊರಗೆ ಕೂರಲಿ. ಎಷ್ಟೇ ಆಪ್ತರಾದರೂ ಒಳಗಿದ್ದರೆ ಅವರಿಗೆ ನೋವಾದೀತೆಂದು ನೀವು ಮಾತನ್ನು ನುಂಗಿಕೊಳ್ಳುತ್ತೀರಿ. ಕರೆ ಶುರುವಾದೊಡನೆ ಅವರ ಹೆಸರು ಮತ್ತು ಫೋನ್ ನಂಬರನ್ನು ಥೆರಪಿಸ್ಟ್ ಅವರಿಗೆ ಕೊಡಿ. ಮುಗಿದ ಮೇಲಿನ ಅರ್ಧ ಗಂಟೆಯ ನಡಿಗೆಗೆ ಅವರೇ ಜೊತೆಯಾಗಲಿ, ಒಳಗೆ ಏನು ಮಾತಾಯಿತೆಂದು ಕೇಳಬಾರದೆಂದು ಮೊದಲೇ ಮಾತಾಡಿಕೊಂಡಿರಿ.