ಹಳೆ ಫ್ಯಾನಿನ ತಾಮ್ರದ ತಂತಿಯಲ್ಲಿ ಬಳೆ, ಓಲೆ ಮಾಡಬಹುದಾ?

ಮಲ್ಲಿಗೆಮೊಗ್ಗು: ಸುಟ್ಟುಹೋದ ಸೀಲಿಂಗ್ ಫ್ಯಾನ್ ಬಿಚ್ಚಿದಾಗ ಒಳಗೆ ರಾಶಿ ತಾಮ್ರದ ತಂತಿ ಸಿಕ್ಕಿತು, ಗುಜರಿಗೆ ಹಾಕಲು ಮನಸ್ಸಾಗಲಿಲ್ಲ, ಒಂದು ಬಳೆ, ಒಂದು ಉಂಗುರ ಮಾಡಿದೆ. ಬಳೆ ಆಕಾರವೇ ನಿಲ್ಲುತ್ತಿಲ್ಲ. ಉಂಗುರ ಹಾಕಿದರೆ ಬೆರಳು ಹಸಿರಾಗುತ್ತದೆ. ಯಾಕೆ?

ಇಕ್ಕಳ: ಆ ತಂತಿ ತುಂಬಾ ತೆಳು, ಮಣಿ ಪೋಣಿಸಿ ಸುತ್ತಲು ಸರಿ, ಬಳೆಗೆ ಆಗುವುದಿಲ್ಲ. ಬಳೆಗೆ 2 ಮಿಲಿಮೀಟರ್ ದಪ್ಪದ ಒಂಟಿ ತಂತಿ ಬೇಕು. ಮನೆ ವೈರಿಂಗ್ ಮಾಡುವವರ ಹತ್ತಿರ ತುಂಡುಗಳು ಇರುತ್ತವೆ, ಕೇಳಿ ನೋಡಿ. ಮೇಲಿನ ಪ್ಲಾಸ್ಟಿಕ್ ಬ್ಲೇಡಿನಲ್ಲಿ ಸುಲಿಯಿರಿ. ದಯವಿಟ್ಟು ಸುಡಬೇಡಿ, ಆ ಹೊಗೆ ವಿಷ. ಬಗ್ಗಿಸಿದಷ್ಟೂ ತಾಮ್ರ ಗಟ್ಟಿಯಾಗುತ್ತದೆ, ಜಾಸ್ತಿ ಬಗ್ಗಿಸಿದರೆ ಪಟ್ ಅಂತ ಮುರಿಯುತ್ತದೆ (ನಾನು ಎಷ್ಟು ಮುರಿದಿದ್ದೇನೋ!). ಬರಿ ತಂತಿಯನ್ನು ಕೆಂಪಗೆ ಕಾಯಿಸಿ ನೀರಿಗೆ ಹಾಕಿದರೆ ಮತ್ತೆ ಮೆತ್ತಗಾಗುತ್ತದೆ. ಆಕಾರ ಬಂದ ಮೇಲೆ ಮರದ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ, ನಿಲ್ಲುತ್ತದೆ.

ಗುಜರಿರಾಣಿ: ಹಸಿರು ಬರುವುದು ಬೆವರಿಗೆ. ಫ್ಯಾನ್ ತಂತಿಗೆ ವಾರ್ನಿಷ್ ಇರುತ್ತದೆ, ನಿಮ್ಮದು ಸುಟ್ಟಿದೆಯಲ್ವಾ, ಅದು ಹೋಗಿರಬೇಕು. ಹುಣಸೆಹಣ್ಣು, ಉಪ್ಪು ಹಾಕಿ ಉಜ್ಜಿ, ಒರೆಸಿ, ಪಾರದರ್ಶಕ ನೈಲ್ ಪಾಲಿಶ್ ಬಳಿಯಿರಿ. ಸವೆದಾಗ ಮತ್ತೆ ಬಳಿಯಬೇಕು.

ಮಲ್ಲಿಗೆಮೊಗ್ಗು: ಓಲೆಯ ಕೊಕ್ಕೆಯೂ ಇದರಲ್ಲೇ ಆಗುತ್ತದಾ?

ಗುಜರಿರಾಣಿ: ಬೇಡ ಮಾರಾಯ್ತಿ. ಕಿವಿಯ ತೂತಿಗೆ ಹೋಗುವ ಕೊಕ್ಕೆ ಮಾತ್ರ ಬೆಳ್ಳಿಯದ್ದು ಕೊಂಡುಕೋ.