ಕಾಕಾಗೆ ಉತ್ತರ: ಸೋಮೇಶ್ವರದ ನೀರಿನ ಬೆನ್ನು ಹತ್ತಿ

ಕಾಕಾ, ನಮಸ್ಕಾರ. ಗ್ರೂಪಿನ ಎಲ್ಲರಿಗೂ ನಮಸ್ಕಾರ. ಭಾನುವಾರ ನಾನು ಹಾಕಿದ ಕಯಾಕ್ (ಹುಟ್ಟು ಹಾಕಿ ನಡೆಸುವ ಸಣ್ಣ ದೋಣಿ) ಫೋಟೋ ಕೆಳಗೆ ನೀವು ಬರೆದದ್ದನ್ನು ನಿನ್ನೆ ರಾತ್ರಿ ನೋಡಿದೆ. "ನಾವು ಗದಗ-ಧಾರವಾಡದ ಮಂದಿ, ಎರೆಹೊಲ ನೋಡಿ ಬೆಳೆದವರು. ಸಮುದ್ರಕ್ಕೂ ನಮಗೂ ಏನು ಸಂಬಂಧ? ಅಷ್ಟು ಸಣ್ಣ ದೋಣಿಯಲ್ಲಿ ಕೂತಿದ್ದೀಯಲ್ಲ, ಏನಾದರೂ ಆದರೆ?" ಅಂತ ಕೇಳಿದ್ದೀರಿ. ಅದರ ಕೆಳಗೇ ಅತ್ತೆಯ ಮಗಳು "ದೀಪಾವಳಿ ರಜೆಗೆ ನಾನೂ ಬರಲಾ ಅಕ್ಕಾ?" ಅಂದಿದ್ದಾಳೆ. ಇಬ್ಬರಿಗೂ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಊಟ ಮುಗಿಸಿ ಆರಾಮಾಗಿ ಕೇಳಿ.

ಮೊದಲು ಸಂಬಂಧದ ಮಾತು. ಧಾರವಾಡದ ಸೋಮೇಶ್ವರ ಗುಡಿಗೆ ನಾವೆಲ್ಲ ಹೋಗಿದ್ದೇವೆ, ಅಲ್ವಾ? ಶಾಲ್ಮಲೆ ಹುಟ್ಟುವುದು ಅಲ್ಲೇ. ನೋಡಿದರೆ ಸಣ್ಣ ಹಳ್ಳ ಅಷ್ಟೇ. ಚಿಕ್ಕವಳಿದ್ದಾಗ ಅದು ಎಲ್ಲಿಗೆ ಹೋಗುತ್ತದೆ ಅಂತ ನಾನು ಯಾರನ್ನೂ ಕೇಳಿರಲಿಲ್ಲ. ಅದು ಕಲಘಟಗಿ ಕಡೆ ಹರಿದು ಬೇಡ್ತಿ ಸೇರುತ್ತದೆ. ಬೇಡ್ತಿ ಯಲ್ಲಾಪುರದ ಕಾಡು ಹೊಕ್ಕು, ಮಾಗೋಡಿನಲ್ಲಿ ಸುಮಾರು 180 ಮೀಟರ್ ಧುಮುಕಿ, ಘಟ್ಟದ ಕೆಳಗೆ ಗಂಗಾವಳಿ ಅಂತ ಹೆಸರು ಬದಲಿಸಿಕೊಳ್ಳುತ್ತದೆ. ಅಂಕೋಲಾ ತಾಲೂಕಿನ ಮಂಜುಗುಣಿ ಹತ್ತಿರ ಸಮುದ್ರ ಸೇರುತ್ತದೆ. ಫೋಟೋದಲ್ಲಿ ನಾನು ಕೂತಿರುವುದು ಆ ಅಳಿವೆಯಲ್ಲಿ ಕಾಕಾ. ನನ್ನ ದೋಣಿಯ ಕೆಳಗೆ ಇದ್ದದ್ದು ಸೋಮೇಶ್ವರದ ನೀರು.

ಧಾರವಾಡದ ಇನ್ನೊಂದು ಮಗ್ಗುಲಿನ ಮಳೆ ತುಪ್ಪರಿಹಳ್ಳ, ಬೆಣ್ಣಿಹಳ್ಳ ಹಿಡಿದು ಮಲಪ್ರಭೆಗೆ ಹೋಗುತ್ತದೆ. ಕೂಡಲಸಂಗಮದಲ್ಲಿ ಕೃಷ್ಣೆ ಸೇರಿ ಬಂಗಾಳ ಕೊಲ್ಲಿಗೆ ಹೊರಡುತ್ತದೆ. ಒಂದೇ ಊರಿನ ಮಳೆ, ಎರಡು ಸಮುದ್ರ. ಇದು ತಿಳಿದ ದಿನ ನನಗೆ ನಿದ್ದೆ ಬರಲಿಲ್ಲ, ನಿಜವಾಗಿ ಹೇಳುತ್ತೇನೆ.

ಒಂದು ನಿಮಿಷ ತಡೀರಿ, ಇಲ್ಲಿ ಜೋರು ಮಳೆ ಬಂತು, ಕಿಟಕಿ ಹಾಕಿ ಬರುತ್ತೇನೆ... ಹಾಂ, ಬಂದೆ.

ಅಷ್ಟು ಸಣ್ಣ ದೋಣಿ ಅಂದಿರಲ್ಲ, ಇಂಥ ದೋಣಿ ನಮಗೇನೂ ಹೊಸದಲ್ಲ. ಗಳಗನಾಥದ ಹತ್ತಿರ ಹರಿಗೋಲಿನಲ್ಲಿ ಹೊಳೆ ದಾಟಿ ಬೀಗರ ಊರಿಗೆ ಹೋಗುತ್ತಿದ್ದ ಕತೆ ನಮಗೆ ಹೇಳಿದವರೇ ನೀವು. ಬಿದಿರಿನ ಬುಟ್ಟಿ, ಅದಕ್ಕೆ ಹೊರಗಿನಿಂದ ಚರ್ಮ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಕೂಡ ಇದನ್ನು ಬರೆದಿಟ್ಟಿದ್ದಾನೆ. ದುಂಡಗಿನ ಬುಟ್ಟಿಯಂಥ ದೋಣಿ, ತಿರುಗುತ್ತಾ ಹೋಗುತ್ತದೆ ಅಂತ. ಈಗ ಕಯಾಕ್ ನೋಡಿ. ಹಿಮದ ನಾಡಿನ ಇನ್ಯೂಟ್ ಜನ ತೇಲಿಬಂದ ಕಟ್ಟಿಗೆ, ತಿಮಿಂಗಿಲದ ಎಲುಬು ಸೇರಿಸಿ ಹಂದರ ಕಟ್ಟುತ್ತಿದ್ದರು. ಅದರ ಮೇಲೆ ಸೀಲ್ ಚರ್ಮ ಹೊಲಿಯುತ್ತಿದ್ದರು. ಅದು ಬೇಟೆಗೆ ಹೋಗುವ ದೋಣಿ. ಅವರಿಗೆ ಬಿದಿರಿಲ್ಲ, ನಮಗೆ ಸೀಲ್ ಇಲ್ಲ. ಕೈಗೆ ಸಿಕ್ಕದ್ದರಲ್ಲಿ ಹಂದರ ಕಟ್ಟಿ ಚರ್ಮ ಹೊದಿಸುವ ಯೋಚನೆ ಮಾತ್ರ ಎರಡೂ ಕಡೆ ಒಂದೇ. ನಾನು ಹುಟ್ಟು ಹಿಡಿದಾಗಲೆಲ್ಲ ನಿಮ್ಮ ಆ ಅಂಬಿಗನ ನೆನಪಾಗುತ್ತದೆ.

ಕನೂ ಮತ್ತು ಕಯಾಕ್ ಒಂದೇನಾ ಅಂತ ಅತ್ತೆ ಕೇಳಿದ್ದರು. ಬೇರೆ ಬೇರೆ. ಕನೂಗೆ ಒಂದೇ ಕಡೆ ಅಲಗಿರುವ ಹುಟ್ಟು. ಮೊಣಕಾಲೂರಿ ಅಥವಾ ಎತ್ತರದ ಪಟ್ಟಿಯ ಮೇಲೆ ಕೂತು ಹಾಕುವುದು. ಕಯಾಕ್‌ನಲ್ಲಿ ಕಾಲು ಮುಂದೆ ಚಾಚಿ ಕೂರುತ್ತೇವೆ, ಹುಟ್ಟಿಗೆ ಎರಡೂ ತುದಿಯಲ್ಲಿ ಅಲಗು. ಸಮುದ್ರದ ಕಯಾಕ್ ಉದ್ದ, ಹದಿನಾರು ಅಡಿ ಆಸುಪಾಸು. ಅಗಲ ಮಾತ್ರ ಎರಡು ಅಡಿಯೂ ಇಲ್ಲ. ಒಳಗೆ ಗಾಳಿ ತುಂಬಿದ ಮುಚ್ಚಿದ ಕೋಣೆಗಳಿರುತ್ತವೆ, ಮಗುಚಿದರೂ ಮುಳುಗುವುದಿಲ್ಲ. ನಾವು ಮೂವರು ಗೆಳತಿಯರು ಸೇರಿ ಅಂಥದ್ದೊಂದು, ಮೇಲೆ ಕೂರುವ ಪ್ಲಾಸ್ಟಿಕ್ ಕಯಾಕ್ ಎರಡು ತೆಗೆದುಕೊಂಡಿದ್ದೇವೆ. ಅಂಕೋಲಾದಲ್ಲಿ ಒಬ್ಬಳ ಮನೆಯ ತೆಂಗಿನ ಮರದ ನೆರಳಿನಲ್ಲಿ ಇಟ್ಟಿದ್ದೇವೆ.

ನಾನು ಕಲಿತದ್ದು ದಾಂಡೇಲಿ ಹತ್ತಿರದ ಗಣೇಶಗುಡಿ ಊರಿನಲ್ಲಿ, ಕಾಳಿ ನದಿಯ ನಿಂತ ನೀರಿನಲ್ಲಿ. ಮೊದಲ ದಿನ ಬರೀ ತೋಳಿನಿಂದ ಎಳೆದೆ. ಅರ್ಧ ಗಂಟೆಗೆ ಭುಜ ಸೋತುಹೋಯಿತು. ಆಮೇಲೆ ತಿಳಿಯಿತು, ಹುಟ್ಟು ಹಾಕುವುದು ಸೊಂಟದಿಂದ. ಕಾಲಿನಿಂದ ಒತ್ತಿ ಮೈ ತಿರುಗಿಸಬೇಕು, ಕೈ ಸುಮ್ನೆ ಹಿಡಿದುಕೊಂಡಿರಬೇಕು. ಅವ್ವ ಬೀಸುವ ಕಲ್ಲಿನ ಮುಂದೆ ಕೂತು ಮೈಯೆಲ್ಲ ತೂಗುತ್ತಿದ್ದಳಲ್ಲ, ಹಾಗೆ. ಅದು ಮೈಗೆ ಹತ್ತಿದ ಮೇಲೆ ಎರಡು ಮೂರು ತಾಸು ಹೋದದ್ದೇ ಗೊತ್ತಾಗುವುದಿಲ್ಲ.

ಖುಷಿ ಏನು ಅಂತ ಹೇಳಲೇಬೇಕು. ಬೆಳಿಗ್ಗೆ ಆರೂವರೆಗೆ ಅಳಿವೆಗೆ ಇಳಿದರೆ ಗಾಳಿ ಇರುವುದಿಲ್ಲ. ನೀರು ಎಣ್ಣೆಯ ಹಾಗೆ ಇರುತ್ತದೆ. ದಂಡೆಯ ಕಾಂಡ್ಲಾ (ಉಪ್ಪುನೀರಿನಲ್ಲಿ ಬೆಳೆಯುವ ಮ್ಯಾಂಗ್ರೋವ್) ಗಿಡಗಳ ಬೇರಿನ ನಡುವೆ ಮಿಂಚುಳ್ಳಿ ಕೂತಿರುತ್ತದೆ. ಮೋಟಾರ್ ಸದ್ದಿಲ್ಲದ ಕಾರಣ ಬೆಳ್ಳಕ್ಕಿ ನಮ್ಮನ್ನು ನೋಡಿ ಹಾರುವುದೂ ಇಲ್ಲ. ಕುಮಟಾ ಕಡೆ ಅಘನಾಶಿನಿ ಅಳಿವೆಗೆ ಹೋದರೆ ಇಳಿತದ ಹೊತ್ತಿಗೆ ಹೆಂಗಸರು ನೀರಿನಲ್ಲಿ ನಿಂತು ಬಳಚು (ತಿನ್ನುವ ಚಿಪ್ಪುಮೀನು) ಹೆಕ್ಕುತ್ತಿರುತ್ತಾರೆ. ಅವರ ಕೆಲಸಕ್ಕೆ ಅಡ್ಡ ಬರಬಾರದು ಅಂತ ನಾವು ದೂರದಿಂದ ಸುತ್ತಿ ಹೋಗುತ್ತೇವೆ. ನೀರಿನ ಮಟ್ಟದಲ್ಲೇ ಕೂತಿರುತ್ತೇವಲ್ಲ, ಸಣ್ಣ ಅಲೆಯೂ ಬೆನ್ನುಹುರಿಗೆ ತಿಳಿಯುತ್ತದೆ. ಕಚೇರಿಯ ಯಾವ ಮಾತೂ ಅಲ್ಲಿ ನೆನಪಿಗೆ ಬರುವುದಿಲ್ಲ.

ಈಗ ಭಯದ ಮಾತು. ಭಯ ಇರಬೇಕು ಕಾಕಾ, ನೀವು ಕೇಳಿದ್ದು ಸರಿಯೇ ಇದೆ. ಎರಡು ವರ್ಷದ ಹಿಂದೆ ಒಂದು ಕಡೆ ಬಾಡಿಗೆಗೆ ದೋಣಿ ಪಡೆದಾಗ ಕೊಟ್ಟ ಲೈಫ್ ಜಾಕೆಟ್‌ನ ಒಂದು ಬಕಲ್ ಮುರಿದಿತ್ತು. ನಾನು ಅದನ್ನೇ ಹಾಕಿಕೊಂಡು ಹೋದೆ. ದಡಕ್ಕೆ ಬರುವಾಗ ಅಲೆ ಹಿಂದಿನಿಂದ ಬಂದು ದೋಣಿಯನ್ನು ಅಡ್ಡ ತಿರುಗಿಸಿತು, ನಾನು ನೀರಿಗೆ ಬಿದ್ದೆ. ಜಾಕೆಟ್ ಗದ್ದದ ತನಕ ಮೇಲೆ ಸರಿದು ಉಸಿರು ಕಟ್ಟಿತು. ಎದೆ ಮಟ್ಟದ ನೀರಾದ್ದರಿಂದ ನಿಂತುಕೊಂಡೆ. ಆದರೆ ನಾನಿದ್ದದ್ದು ದೋಣಿ ಮತ್ತು ದಡದ ನಡುವೆ. ಮುಂದಿನ ಅಲೆ ಇಡೀ ದೋಣಿಯನ್ನು ನನ್ನ ಮೊಣಕಾಲಿಗೆ ಹೊಡೆಯಿತು. ಬಿದ್ದಾಗ ಯಾವಾಗಲೂ ದೋಣಿಯ ಸಮುದ್ರದ ಬದಿಗೆ ಇರಬೇಕು. ಇದನ್ನು ಆ ದಿನ ಕಲಿತೆ, ಮರೆತಿಲ್ಲ. ಅಂದಿನಿಂದ ನನ್ನದೇ ಜಾಕೆಟ್. ಹಾಕಿಕೊಂಡ ಮೇಲೆ ಇನ್ನೊಬ್ಬರು ಭುಜದ ಪಟ್ಟಿ ಹಿಡಿದು ಎತ್ತಿ ನೋಡುತ್ತಾರೆ. ಮೇಲೆ ಸರಿದರೆ ಬಿಗಿ ಮಾಡುತ್ತೇವೆ.

ಮತ್ತೊಂದು, ಉಬ್ಬರ-ಇಳಿತ. ಸುಮಾರು ಆರು ತಾಸು ನೀರು ಏರುತ್ತದೆ, ಆರು ತಾಸು ಇಳಿಯುತ್ತದೆ. ದಿನಕ್ಕೆ ಹೆಚ್ಚುಕಮ್ಮಿ 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸು ಸೆಳೆತ ಜಾಸ್ತಿ. ಅದಕ್ಕೇ ನಮ್ಮ ಮನೆಯ ಗೋಡೆಯ ಪಂಚಾಂಗದ ಪಕ್ಕದಲ್ಲೇ ಉಬ್ಬರದ ಪಟ್ಟಿ ಅಂಟಿಸಿದ್ದೇನೆ. ಹೊತ್ತೇರಿದ ಮೇಲೆ ಸಮುದ್ರದಿಂದ ಗಾಳಿ ಏಳುತ್ತದೆ. ಅಳಿವೆಯ ಬಾಯಲ್ಲಿ ಇಳಿತದ ನೀರು ಹೊರಗೆ ನುಗ್ಗುವಾಗ ಆ ಗಾಳಿ ಎದುರಾದರೆ ಅಲೆಗಳು ಒತ್ತೊತ್ತಾಗಿ, ಕಡಿದಾಗಿ ಏಳುತ್ತವೆ. ಆ ಹೊತ್ತಿಗೆ ನಾವು ಬಾಯಿಯ ಹತ್ತಿರ ಇರುವುದೇ ಇಲ್ಲ. ಹತ್ತು ಗಂಟೆಗೆ ದಡ. ಒಬ್ಬಳೇ ಹೋಗುವುದೂ ಇಲ್ಲ. ಫೋಟೋ ತೆಗೆದವಳು ಪಕ್ಕದ ದೋಣಿಯಲ್ಲಿದ್ದಳು ಕಾಕಾ.

ಮಳೆಗಾಲದಲ್ಲಂತೂ ನದಿಯನ್ನು ಮುಟ್ಟುವುದಿಲ್ಲ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಮೀನುಗಾರಿಕೆಗೇ ನಿಷೇಧ ಇರುತ್ತದೆ. 2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದು ಮಣ್ಣು ಬಿದ್ದದ್ದು ಇದೇ ಗಂಗಾವಳಿಗೆ. ನೀವೆಲ್ಲ ದಿನವಿಡೀ ಟಿವಿ ಮುಂದೆ ಕೂತಿದ್ದಿರಿ. ಆ ಜಾಗದ ಕಡೆ ಹೋದಾಗ ನಾವು ಹುಟ್ಟು ಎತ್ತಿ ಮಡಿಲಲ್ಲಿಟ್ಟು ಒಂದು ಕ್ಷಣ ಸುಮ್ಮನೆ ಕೂರುತ್ತೇವೆ.

ಇನ್ನು ತಂಗಿಗೆ. ಬಾ, ಖಂಡಿತ ಬಾ. ಈಜು ಬಂದರೆ ಒಳ್ಳೆಯದು. ಬರದಿದ್ದರೂ ಮುಖ ನೀರಿನಲ್ಲಿ ಮುಳುಗಿದರೆ ಗಾಬರಿಯಾಗಬಾರದು. ಮೊದಲ ದಿನ ಸೊಂಟದ ನೀರಿನಲ್ಲಿ ಬೇಕಂತಲೇ ಬೀಳಿಸುತ್ತೇನೆ. ಮತ್ತೆ ಹತ್ತಲು ಕಲಿಯಬೇಕು. ಹೊಟ್ಟೆ ಮೇಲೆ ಮಲಗಿ, ಕಾಲು ಒದ್ದು, ದೋಣಿಯ ಮೇಲೆ ಅಡ್ಡಡ್ಡ ಜಾರಿ ಹತ್ತುವುದು. ಐದು ಸಲ ಹತ್ತಿದರೆ ಮಾತ್ರ ಅಳಿವೆ ನೋಡುವುದು. ಸಮುದ್ರ ಈ ಸಲ ಬೇಡ. ಜೀನ್ಸ್ ತರಬೇಡ, ಒದ್ದೆಯಾದರೆ ಕಲ್ಲಿನಷ್ಟು ಭಾರ. ತುಂಬು ತೋಳಿನ ತೆಳ್ಳನೆ ಅಂಗಿ, ದಾರ ಇರುವ ಟೋಪಿ, ಹಳೆ ಬೂಟು. ಬಂಡೆಗೆ ಅಂಟಿದ ಚಿಪ್ಪು ಬ್ಲೇಡಿನ ಹಾಗೆ ಕೊಯ್ಯುತ್ತದೆ. ಕನ್ನಡಕಕ್ಕೂ ದಾರ ಕಟ್ಟು. ಕುಡಿಯುವ ನೀರು ಎರಡು ಲೀಟರ್.

ಹುಬ್ಬಳ್ಳಿಯಿಂದ ಅಂಕೋಲಾ ಸುಮಾರು 135 ಕಿಲೋಮೀಟರ್, ಯಲ್ಲಾಪುರ, ಅರಬೈಲು ಘಾಟ್ ಮೇಲೆ. ಹಿಂದಿನ ದಿನ ಮಧ್ಯಾಹ್ನವೇ ಹೊರಡುತ್ತೇವೆ, ರಾತ್ರಿ ಘಟ್ಟ ಇಳಿಯುವುದು ಬೇಡ. ಕಾಕಾ, ನೀವೂ ಬನ್ನಿ. ನೀರಿಗೆ ಇಳಿಯಬೇಕಂತಿಲ್ಲ, ದಡದಲ್ಲಿ ಕುರ್ಚಿ ಹಾಕುತ್ತೇನೆ. ಮೊದಲು ಸೋಮೇಶ್ವರಕ್ಕೆ ಹೋಗಿ, ಕೈಕಾಲು ತೊಳೆದುಕೊಂಡು ಹೊರಡೋಣ. ಅವ್ವ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಡುತ್ತಾಳೆ.

ಯಾರು ಯಾರು ಬರುತ್ತೀರಿ ಅಂತ ಗುರುವಾರದೊಳಗೆ ಇಲ್ಲೇ ಹಾಕಿ. ಹೆಸರಿನ ಮುಂದೆ ತೂಕವನ್ನೂ ಬರೆಯಿರಿ, ಜಾಕೆಟ್ ಸೈಜ್ ನೋಡಬೇಕು.